ಕೃಷ್ಣಸ್ವಾಮಿಯ ಹೆಸರು ಉಳಿಯದ ರೋಗ

1911ರ ರಂಗೂನ್. ಅಲ್ಲಿನ ಆಸ್ಪತ್ರೆಯ ಶವಾಗಾರಕ್ಕೆ ಬರುತ್ತಿದ್ದ ಕೆಲವು ಹೆಣಗಳಲ್ಲಿ ಶ್ವಾಸಕೋಶ, ಯಕೃತ್ತು, ಗುಲ್ಮಗಳ ತುಂಬ ಕೀವುಗಂಟುಗಳು. ಬಹಳಷ್ಟು ಮಂದಿ ಮಾರ್ಫಿನ್ ಚುಚ್ಚಿಕೊಳ್ಳುವ ಚಟಕ್ಕೆ ಬಿದ್ದ ಬಡವರು. ನೋಡಿದರೆ ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗದ ತರಹವೇ. ಆದರೆ ಗ್ಲ್ಯಾಂಡರ್ಸ್ ಬ್ಯಾಕ್ಟೀರಿಯಾ ಚಲಿಸುವುದಿಲ್ಲ, ಇದು ಚಲಿಸುತ್ತಿತ್ತು, ಬೆಳೆಯುವುದೂ ಬೇಗ. ಪೆಥಾಲಜಿಸ್ಟ್ ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ 1912ರಲ್ಲಿ 'ಇಂಡಿಯನ್ ಮೆಡಿಕಲ್ ಗೆಜೆಟ್'ನಲ್ಲಿ ಇದು ಹೊಸ ರೋಗವೆಂದು ಬರೆದರು. ಲೇಖನದ ಮೇಲೆ ಇಬ್ಬರ ಹೆಸರೂ ಇತ್ತು. ರೋಗಕ್ಕೆ ಮಾತ್ರ 'ವಿಟ್ಮೋರ್ ಕಾಯಿಲೆ' ಎಂಬ ಹೆಸರು ಬಂತು.

ಈಗ ಚಾಲ್ತಿಯಲ್ಲಿರುವ 'ಮೆಲಿಯಾಯ್ಡೋಸಿಸ್' ಎಂಬ ಹೆಸರನ್ನು 1921ರಲ್ಲಿ ಕೊಟ್ಟವರು ಮಲಯಾದ ಸ್ಟ್ಯಾಂಟನ್ ಮತ್ತು ಫ್ಲೆಚರ್. ಗ್ರೀಕಿನಲ್ಲಿ 'ಮೆಲಿಸ್' ಎಂದರೆ ಕತ್ತೆಗಳ ಒಂದು ರೋಗ. ಕತ್ತೆಗೂ ಇದಕ್ಕೂ ಅಂಥ ಸಂಬಂಧವೇನಿಲ್ಲ. ಇದರ ನೆಲೆ ಒದ್ದೆ ಮಣ್ಣು, ಗದ್ದೆಯ ನೀರು. ಬ್ಯಾಕ್ಟೀರಿಯಾದ ಇಂದಿನ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಾಲಿಯೈ. ಅದು ಈರುಳ್ಳಿ ಕೊಳೆರೋಗವನ್ನು ಅಭ್ಯಾಸ ಮಾಡಿದ ಒಬ್ಬ ಅಮೆರಿಕನ್ ಸಸ್ಯರೋಗತಜ್ಞನ ನೆನಪು. ಕೃಷ್ಣಸ್ವಾಮಿಯವರು ಇಲ್ಲಿಯೂ ಇಲ್ಲ.

ಮಳೆಗಾಲದಲ್ಲಿ ಕಾಲಿನ ಗಾಯದಿಂದ, ಗಾಳಿಯಲ್ಲಿ ಎದ್ದ ತುಂತುರಿನಿಂದ, ಕೆಲವೊಮ್ಮೆ ಕುಡಿಯುವ ನೀರಿನಿಂದಲೂ ಇದು ದೇಹ ಸೇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚು. ಒಬ್ಬರಿಗೆ ನ್ಯುಮೋನಿಯಾ, ಇನ್ನೊಬ್ಬರಿಗೆ ಯಕೃತ್ತಿನಲ್ಲಿ ಕೀವು, ಮತ್ತೊಬ್ಬರಿಗೆ ತಿಂಗಳುಗಟ್ಟಲೆ ಜ್ವರ, ಕೆಮ್ಮು, ತೂಕ ಇಳಿಕೆ. ಹೀಗಾಗಿಯೇ ಎಷ್ಟೋ ರೋಗಿಗಳು ಸುಮ್ಮನೆ ಕ್ಷಯದ ಮಾತ್ರೆ ನುಂಗುತ್ತಾರೆ. ಕೆಲವರ ದೇಹದಲ್ಲಿ ಇದು ವರ್ಷಗಟ್ಟಲೆ ಅಡಗಿಯೂ ಇರಬಲ್ಲದು.

ಭಾರತದಿಂದ ಇದರ ವರದಿ ಬಂದದ್ದು 1991ರಲ್ಲಿ, ಮುಂಬೈಯಿಂದ. ರೋಗಿ ಒಂದು ಮಗು. ಆಮೇಲೆ ಹುಡುಕಿದಷ್ಟೂ ಸಿಕ್ಕಿತು, ಅದರಲ್ಲೂ ಉಡುಪಿ, ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಲ್ಲಿ. ಮಳೆಗಾಲದಲ್ಲಿ ಊರಿಗೆ ಹೋಗಿ ಗದ್ದೆಗೆ ಇಳಿದು ಮುಂಬೈಗೋ ಪುಣೆಗೋ ಮರಳಿದವರಿಗೆ ಜ್ವರ ಬಂದರೆ, ಆ ಊರಿನ ವಿಷಯವನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಹೇಳದಿದ್ದರೆ ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಲ್ಯಾಬಿನವರು ಬೇರಾವುದೋ ಸ್ಯೂಡೋಮೊನಾಸ್ ಎಂದು ಬದಿಗಿಡುವುದುಂಟು.

ಔಷಧವಿದೆ. ಥಾಯ್ಲೆಂಡಿನ ಉಬೋನ್‌ನಲ್ಲಿ ನಡೆದ, 1989ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಫ್ಟಾಜಿಡೈಮ್ ಇಂಜೆಕ್ಷನ್ ತೀವ್ರ ರೋಗಿಗಳ ಸಾವನ್ನು 74%ರಿಂದ 37%ಕ್ಕೆ ಇಳಿಸಿತು. ಈಗ ಅದನ್ನೋ ಮೆರೊಪೆನೆಮ್ ಅನ್ನೋ ಕನಿಷ್ಠ ಹತ್ತು-ಹದಿನಾಲ್ಕು ದಿನ ರಕ್ತನಾಳಕ್ಕೆ ಕೊಡುತ್ತಾರೆ. ಆಮೇಲೆ ಸುಮಾರು ಮೂರು ತಿಂಗಳು ಕೋಟ್ರೈಮೋಕ್ಸಜೋಲ್ ಮಾತ್ರೆ. ಜ್ವರ ಬಿಟ್ಟಿತಲ್ಲ ಎಂದು ಎರಡನೇ ತಿಂಗಳಲ್ಲೇ ಮಾತ್ರೆ ನಿಲ್ಲಿಸಿದವರು ಮತ್ತೆ ಅದೇ ಕೀವು ತುಂಬಿಕೊಂಡು ಆಸ್ಪತ್ರೆಗೆ ಬರುತ್ತಾರೆ.