ಹುಲ್ಲು, ಡಬ್ಬಿ, ಪದರ: ಉಡುಪಿ ಸೀಮೆಯ ಪೊಟ್ಟಣದ ಚರಿತ್ರೆ

ಸುರುಳಿಯಾಗಿ ಬರುವ ಪ್ಲಾಸ್ಟಿಕ್ ಹಾಳೆಗೆ ಅಚ್ಚು ಹಾಕಿ, ಅದರ ಮೇಲೆ ಬೇರೆ ಹಾಳೆಗಳ ಪದರ ಅಂಟಿಸಿ, ಬೇಕಾದ ಅಗಲಕ್ಕೆ ಸೀಳಿ, ಅಂಚುಗಳನ್ನು ಕಾವಿನಿಂದ ಬೆಸೆದು ಚೀಲವಾಗಿಸುವ ಕಸುಬಿಗೆ ಉದ್ಯಮದಲ್ಲಿ ಕನ್ವರ್ಟಿಂಗ್ ಎಂಬ ಹೆಸರಿದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಈ ಕಸುಬಿನ ಹಿನ್ನೆಲೆಯನ್ನು ಅರಸುವವರು ಯಂತ್ರಗಳು ಬಂದ ಕಾಲದಿಂದ ಆರಂಭಿಸಿದರೆ ಅರ್ಧ ಚರಿತ್ರೆ ಮಾತ್ರ ಸಿಗುತ್ತದೆ. ಒಳಗಿನ ವಸ್ತುವಿಗೆ ತಕ್ಕಂತೆ ಬಾಗುವ ಹೊದಿಕೆ ಈ ನೆಲಕ್ಕೆ ಮೊದಲೇ ಚೆನ್ನಾಗಿ ಗೊತ್ತಿತ್ತು. ಹೊಸ ಕಾಲ ಮುಖ್ಯವಾಗಿ ಬದಲಿಸಿದ್ದು, ಪೊಟ್ಟಣದೊಳಗೆ ಎಷ್ಟಿದೆ ಎಂಬುದಕ್ಕೆ ಹೊಣೆ ಯಾರು ಎಂಬ ವ್ಯವಸ್ಥೆಯನ್ನು.

ತುಳುನಾಡಿನ ಅಕ್ಕಿಮುಡಿ ಇದಕ್ಕೆ ಮೊದಲ ಸಾಕ್ಷಿ. ಉದ್ದನೆಯ ಬೈಹುಲ್ಲನ್ನು ಆರಿಸಿ ಒಣಗಿಸಿ, ಬುಡ ಕಟ್ಟಿ ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆ ಮಡಚಿ, ಹುಲ್ಲಿನದೇ ಹಗ್ಗದಿಂದ ಸುತ್ತುತ್ತ, ಬಡಿಯುತ್ತ, ಮತ್ತೆ ಬಿಗಿಯುತ್ತ ಹೋದರೆ ಕೊನೆಗೆ ಒಂದು ಕಾಳೂ ಹೊರಬೀಳದ ಗಟ್ಟಿ ಉಂಡೆ ಸಿದ್ಧವಾಗುತ್ತಿತ್ತು. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ ಇಟ್ಟ ಮುಡಿಯಲ್ಲಿ ಅಕ್ಕಿಯೂ ಬಿತ್ತನೆಯ ಭತ್ತವೂ ಮಳೆಗಾಲದ ತೇವವನ್ನು ದಾಟಿ ಉಳಿಯುತ್ತಿದ್ದವು. ಒಂದು ಮುಡಿಯೆಂದರೆ ಮೂರು ಕಳಸೆ, ಒಂದು ಕಳಸೆಯೆಂದರೆ 14 ಸೇರು. ಹೀಗೆ 42 ಸೇರಿನ ಮುಡಿ ಏಕಕಾಲದಲ್ಲಿ ಹೊದಿಕೆಯೂ ಅಳತೆಯೂ ಆಗಿತ್ತು. ಗೇಣಿ ನಿಗದಿಯಾಗುತ್ತಿದ್ದುದು ಮುಡಿಗಳ ಲೆಕ್ಕದಲ್ಲಿ. ಗದ್ದೆಯ ಯೋಗ್ಯತೆಯನ್ನೂ ಜನ ಅಷ್ಟು ಮುಡಿಯ ಗದ್ದೆ ಎಂದೇ ಹೇಳುತ್ತಿದ್ದರು. ಸರಿಯಾಗಿ ಕಟ್ಟಿದ ಮುಡಿಯನ್ನು ಬಿಚ್ಚಿ ಅಳೆಯಬೇಕಾಗಿರಲಿಲ್ಲ, ಕಟ್ಟಿದವನ ಕೈಯೇ ಮುದ್ರೆಯಾಗಿತ್ತು. ಆ ನಂಬಿಕೆಯ ಭಾರವನ್ನೆಲ್ಲ ಹೊತ್ತವನು ಬಹುಮಟ್ಟಿಗೆ ಒಕ್ಕಲೇ ಎಂಬುದನ್ನು ಮಾತ್ರ, ಮುಡಿಯ ಅಂದವನ್ನು ಹೊಗಳುವ ಇಂದಿನ ಬರಹಗಳು ಮರೆಯುತ್ತವೆ.

ಮುಡಿಯನ್ನು ಪ್ಲಾಸ್ಟಿಕ್ ಕೊಂದಿತು ಎಂಬ ಮಾತು ಸರಿಯಲ್ಲ. ಸೇರಿನ ಜಾಗಕ್ಕೆ 1960ರ ಆಸುಪಾಸಿನಲ್ಲಿ ಕಿಲೋಗ್ರಾಂ ಬಂದಿತು. ಅಧಿಕ ಇಳುವರಿಯ ಗಿಡ್ಡ ತಳಿಗಳ ಹುಲ್ಲು ಮುಡಿ ಕಟ್ಟುವಷ್ಟು ಉದ್ದ ಬೆಳೆಯಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯೇ ನಿಂತಾಗ ಅದರ ಮಾನವೂ ಕೆಲಸ ಕಳೆದುಕೊಂಡಿತು. ಉಳಿದ ಜಾಗವನ್ನು ಮೊದಲು ಗೋಣಿಚೀಲ, ಆಮೇಲೆ ಕುಚ್ಚಲಕ್ಕಿ ಗಿರಣಿಗಳ ಹೆಸರು ಹೊತ್ತ, ಪಾಲಿಪ್ರೊಪಿಲೀನ್ ಪಟ್ಟಿಗಳಿಂದ ನೇಯ್ದ ಚೀಲ ತುಂಬಿತು. ಈಗ ಮುಡಿ ಮುಖ್ಯವಾಗಿ ಕಾಣುವುದು ದೇವಸ್ಥಾನದ ಆಚರಣೆಗಳಲ್ಲಿ ಮತ್ತು ಉಡುಪಿಯ ಪರ್ಯಾಯಕ್ಕೆ ಮುನ್ನ ನಡೆಯುವ ಅಕ್ಕಿ ಮುಹೂರ್ತದಲ್ಲಿ.

ಹೊದಿಕೆಯೇ ಎಣಿಕೆಯಾಗುವ ಕ್ರಮ ಇಂದಿಗೂ ವ್ಯಾಪಾರದಲ್ಲಿ ಉಳಿದಿರುವುದು ಕಾಪು ತಾಲೂಕಿನ ಶಂಕರಪುರದಲ್ಲಿ. ಭೌಗೋಳಿಕ ಸೂಚಿಕೆ ಪಡೆದ ಉಡುಪಿ ಮಲ್ಲಿಗೆಯ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಹೆಣೆದು, 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಿಡಿಯುತ್ತಾರೆ. ದಿನದ ದರವೂ ಅಟ್ಟೆಗೇ ನಿಗದಿಯಾಗುತ್ತದೆ. ಬಿಡಿಸಿದ ಮೇಲೂ ಮೊಗ್ಗು ಉಸಿರಾಡುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಹಾಳೆಯೊಳಗೆ ಅದರ ತೇವವೇ ಬೆವರಾಗಿ ನಿಂತು ಹೂ ಕಪ್ಪಾದರೆ, ಹೂವಿಗೆ ಸುತ್ತುವ ಬಾಳೆ ಎಲೆ ತಂಪನ್ನು ಹಿಡಿದಿಟ್ಟು ಗಾಳಿಯನ್ನು ಬಿಡುತ್ತದೆ. ಎಲೆ ಇಲ್ಲಿ ಉಳಿದಿರುವುದು ಸಂಪ್ರದಾಯದ ಮೇಲಿನ ಮಮತೆಯಿಂದಲ್ಲ.

ಕಾರ್ಕಳದ ಗೋಡಂಬಿಯ ಕಥೆ ಇದಕ್ಕೆ ತಿರುವುಮುರುವು: ಅಲ್ಲಿ ಗಾಳಿಯೇ ಶತ್ರು. ಎಣ್ಣೆಯಂಶ ಹೆಚ್ಚಿರುವ ತಿರುಳು ಆಮ್ಲಜನಕ ತಾಗಿದರೆ ಕಮಟುತ್ತದೆ, ತೇವ ಹೀರಿದರೆ ಮೆತ್ತಗಾಗುತ್ತದೆ, ಜತೆಗೆ ಹುಳದ ಕಾಟ. 20ನೆಯ ಶತಮಾನದ ಮೂರನೆಯ ದಶಕದಲ್ಲಿ ಭಾರತದ ಪಶ್ಚಿಮ ಕರಾವಳಿಯಿಂದ ಅಮೆರಿಕಕ್ಕೆ ತಿರುಳು ಸಾಗಿಸತೊಡಗಿದಾಗ ಚಹಾದ ಮರದ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸಿದ ಸರಕು ಹಡಗಿನಲ್ಲೇ ಹುಳ ಹಿಡಿಯುತ್ತಿತ್ತು. ತವರದ ಡಬ್ಬಿಯಿಂದ ಗಾಳಿಯನ್ನು ಹೊರಗೆಳೆದು ಇಂಗಾಲದ ಡೈಆಕ್ಸೈಡ್ ತುಂಬಿ ಬೆಸುಗೆ ಹಾಕುವ, ವಿಟಾ ಪ್ಯಾಕ್ ಎಂಬ ವಿಧಾನ ಬಂದ ಮೇಲಷ್ಟೇ ಈ ರಫ್ತು ನೆಲೆಯೂರಿತು. ಮಂಗಳೂರಿನಿಂದ ಕಾರ್ಕಳದವರೆಗೆ ಹಬ್ಬಿದ ಗೋಡಂಬಿ ಕಾರ್ಖಾನೆಗಳಲ್ಲಿ, ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವ ಕೆಲಸವೆಲ್ಲ ಹೆಚ್ಚಾಗಿ ಹೆಂಗಸರ ಕೈಯಲ್ಲಿ ನಡೆದರೆ, ಅದರ ಕೊನೆಯ ಹಂತವಾಗಿ ದಶಕಗಳ ಕಾಲ ನಿಂತದ್ದು 25 ಪೌಂಡ್, ಅಂದರೆ 11.34 ಕಿಲೋಗ್ರಾಂ ತುಂಬುವ ಚೌಕ ಡಬ್ಬಿ. ಅಂಥ ಎರಡು ಡಬ್ಬಿಗೆ ಒಂದು ರಟ್ಟಿನ ಪೆಟ್ಟಿಗೆ. ಡಬ್ಲ್ಯೂ-320 ಎಂಬ ದರ್ಜೆಯೂ ಪೌಂಡಿಗೆ 300ರಿಂದ 320 ಬಿಳಿ ಇಡಿ ತಿರುಳು ಎಂದೇ ಸೂಚಿಸುತ್ತದೆ. ದೇಶ ಮೆಟ್ರಿಕ್ ಮಾನಕ್ಕೆ ತಿರುಗಿದ ಮೇಲೂ ಗೋಡಂಬಿ ಪೌಂಡನ್ನು ಬಿಡಲಿಲ್ಲ, ಕೊಳ್ಳುವವನ ಅಳತೆಯೇ ಅದರ ಅಳತೆಯಾಗಿತ್ತು.

ಡಬ್ಬಿಗೆ ತುಕ್ಕು ಹಿಡಿಯುತ್ತಿತ್ತು, ಖಾಲಿ ಡಬ್ಬಿಯ ವಿಲೇವಾರಿ ಆಮದುದಾರರಿಗೆ ತಲೆನೋವಾಗಿತ್ತು. ಅದರ ಬದಲಿಗೆ ಬಂದ ಅಚ್ಚಿನ ನಿರ್ವಾತ ಪ್ಯಾಕಿಂಗ್‌ನಲ್ಲಿ ತಿರುಳು ತುಂಬಿದ ಚೀಲವನ್ನು ಚೌಕ ಅಚ್ಚಿನೊಳಗಿಟ್ಟು ಗಾಳಿ ಹೀರಿ, ಸಾರಜನಕ ಅಥವಾ ಇಂಗಾಲದ ಡೈಆಕ್ಸೈಡ್ ಹಾಯಿಸಿ ಬಾಯಿ ಬೆಸೆಯುತ್ತಾರೆ. ಮೆದು ಚೀಲ ಇಟ್ಟಿಗೆಯಂತೆ ಗಟ್ಟಿಯಾಗಿ ಪೆಟ್ಟಿಗೆಯೊಳಗೆ ಕೂರುತ್ತದೆ. ಈ ಚೀಲದಲ್ಲಿ ಪದರಗಳ ನಡುವೆ ಕೆಲಸ ಹಂಚಿಕೆಯಾಗಿದೆ: ನೈಲಾನ್ ಆಮ್ಲಜನಕವನ್ನು ತಡೆಯುತ್ತದೆ, ಚುಚ್ಚಿದರೆ ತಾಳಿಕೊಳ್ಳುತ್ತದೆ, ಒಳಗಿನ ಪಾಲಿಥೀನ್ ತೇವವನ್ನು ತಡೆದು, ಕಾವಿಗೆ ಕರಗಿ ಬೆಸುಗೆಯಾಗುತ್ತದೆ. ಹೀಗೆ ಡಬ್ಬಿ ಮಾಡುವವರ ಕೆಲಸ ಹಾಳೆ ಮಾಡುವವರ ಕೈಗೆ ಹೋಯಿತು, ತುಂಬುವ ತೂಕ ಮಾತ್ರ ಹಳೆಯದೇ ಉಳಿಯಿತು.

ಮಣಿಪಾಲದಲ್ಲಿ ಈ ಕಸುಬಿಗೆ ಬೇಕಾದ ಇನ್ನೊಂದು ವಿದ್ಯೆ ಬೇರೆ ದಾರಿಯಿಂದ ಬೆಳೆಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯ ಸ್ಥಾಪಕರಲ್ಲಿದ್ದ ಪೈ ಕುಟುಂಬದ ಉದ್ಯಮವಾಗಿ 1941ರಲ್ಲಿ ಮಣಿಪಾಲ ಪವರ್ ಪ್ರೆಸ್ ಆರಂಭವಾಯಿತು. ಇಂದಿನ ಮಣಿಪಾಲ್ ಟೆಕ್ನಾಲಜೀಸ್ ಅದರದೇ ಬೆಳವಣಿಗೆ. ಪುಸ್ತಕ, ಪತ್ರಿಕೆ, ಚೆಕ್ಕುಗಳನ್ನು ಅಚ್ಚು ಹಾಕಿ ಬಣ್ಣದ ಮೇಲೂ ಗುಣಮಟ್ಟದ ಮೇಲೂ ಹಿಡಿತ ಸಾಧಿಸಿದ ಪರಿಸರಕ್ಕೆ ಪ್ಯಾಕೇಜಿಂಗ್ ದೂರದ ಮಾತಾಗಿರಲಿಲ್ಲ. ಅಲ್ಲಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಮುದ್ರಣವನ್ನೇ ಎಂಜಿನಿಯರಿಂಗ್ ವಿಷಯವಾಗಿ ಕಲಿಸುವ ವಿಭಾಗ ಬಂದದ್ದೂ ಇದಕ್ಕೆ ಪೂರಕವಾಯಿತು. 1977ರ ಪೊಟ್ಟಣ ಸರಕುಗಳ ನಿಯಮಗಳು ತಯಾರಕನ ಹೆಸರು, ನಿವ್ವಳ ತೂಕ, ಬೆಲೆ ಮೊದಲಾದವನ್ನು ಪೊಟ್ಟಣದ ಮೇಲೆ ನಮೂದಿಸುವುದನ್ನು ಕಡ್ಡಾಯ ಮಾಡಿದ ಮೇಲಂತೂ, ಕಟ್ಟುವವನ ಕೈ ಹೊತ್ತಿದ್ದ ಹೊಣೆ ಅಕ್ಷರಕ್ಕೆ ವರ್ಗವಾಯಿತು.

ಅಚ್ಚಿನ ಖರ್ಚು ಎಲ್ಲರಿಗೂ ನಿಲುಕುವಂಥದಲ್ಲ. ಹಾಳೆಗೆ ಬಣ್ಣ ಹಾಕುವ ಗ್ರಾವ್ಯೂರ್ ವಿಧಾನದಲ್ಲಿ ಪ್ರತಿ ಬಣ್ಣಕ್ಕೂ ಕೆತ್ತಿದ ಪ್ರತ್ಯೇಕ ಲೋಹದ ಸಿಲಿಂಡರ್ ಬೇಕು. ದೊಡ್ಡ ಪ್ರಮಾಣದ ಮುದ್ರಣಕ್ಕೆ ಮಾತ್ರ ಅದು ಲಾಭ. ಆದ್ದರಿಂದಲೇ ಈ ಸೀಮೆಯ ಮನೆ ಉದ್ಯಮಗಳ ಹಪ್ಪಳ, ಸಂಡಿಗೆ, ಬಾಳೆಕಾಯಿ ಚಿಪ್ಸ್‌ಗಳು ಇಂದಿಗೂ ಬಣ್ಣವಿಲ್ಲದ ತೊಟ್ಟೆಯಲ್ಲಿ, ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ, ಒಳಗೊಂದು ಅಚ್ಚಾದ ಚೀಟಿ ಹೊತ್ತು ಅಂಗಡಿಗೆ ಬರುತ್ತವೆ.

ತೊಟ್ಟೆಯನ್ನು ಮನೆಮನೆಗೆ ಒಯ್ದದ್ದು ಹಾಲು. ಅದೇ ಪೈ ಕುಟುಂಬದ ಟಿ.ಎ. ಪೈ ಅವರ ನೇತೃತ್ವದಲ್ಲಿ 1974ರಲ್ಲಿ ಮಣಿಪಾಲದಲ್ಲಿ ಆರಂಭವಾದ ಕೆನರಾ ಮಿಲ್ಕ್ ಯೂನಿಯನ್‌ನಿಂದ ಇಲ್ಲಿನ ಸಂಘಟಿತ ಹಾಲು ವ್ಯಾಪಾರ ಬೆಳೆಯಿತು. ಮುಂದೆ ನಂದಿನಿ ಹಾಲಿನ ಪೊಟ್ಟಣಕ್ಕೆ ಬೇಕಾದ ಹಾಳೆಯನ್ನು ತಯಾರಿಸಲು ಹಾಲು ಮಹಾಮಂಡಳ ಬೆಂಗಳೂರಿನ ಮುನ್ನೇಕೊಳಲಿನಲ್ಲಿ ತನ್ನದೇ ಘಟಕ ತೆರೆಯಿತು. ಅದೇ ಬಗೆಯ ತೊಟ್ಟೆಯಲ್ಲಿ ಸಾರಾಯಿಯೂ ಮಾರಾಟವಾಗುತ್ತಿತ್ತು. 2007ರ ಜುಲೈ 1ರಂದು ಸಾರಾಯಿ ನಿಷೇಧವಾದಾಗ ಆ ತೊಟ್ಟೆಯೂ ಹೋಯಿತು. ಅಡಿಕೆಯನ್ನು ನೆಚ್ಚಿದ ಗುಟ್ಕಾವನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರುವುದನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್‌ನಿಂದ ತಡೆಯಿತು. ಕಚ್ಚಾ ವಸ್ತುವಿನ ದೂರವೂ ಈಗ ಕುಗ್ಗಿದೆ: ಕಾಪುವಿನ ದಕ್ಷಿಣಕ್ಕೆ, ಸುರತ್ಕಲ್ ಸಮೀಪದ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿ 2015ರಿಂದ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಪಾಲಿಪ್ರೊಪಿಲೀನ್ ಘಟಕ ಕೆಲಸ ಮಾಡುತ್ತಿದೆ.

2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಕೊನೆಯಿಂದ ದೇಶದ ನಿಯಮ 120 ಮೈಕ್ರಾನಿಗಿಂತ ತೆಳುವಾದವನ್ನು ಒಪ್ಪುವುದಿಲ್ಲ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆದರೆ ಈ ಅಳತೆ ಕೈಚೀಲಕ್ಕಷ್ಟೇ. ಚಿಪ್ಸು, ಬಿಸ್ಕತ್ತು, ಕಾಫಿಪುಡಿಗಳ ಬಹುಪದರದ ಹಾಳೆ ಅದರ ಹೊರಗೇ ಉಳಿಯಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ, ಸುತ್ತಲಿನ ಗ್ರಾಮ ಪಂಚಾಯತುಗಳ ಒಣ ಕಸಕ್ಕಾಗಿ ತೆರೆದ, ದಿನಕ್ಕೆ 10 ಟನ್ ಸಾಮರ್ಥ್ಯದ ವಿಂಗಡಣಾ ಘಟಕದಂಥ ಕಡೆಗಳಲ್ಲಿ ಬಾಟಲಿಗೂ ರಟ್ಟಿಗೂ ಕೊಳ್ಳುವವರಿದ್ದಾರೆ. ತಿರುಳನ್ನು ಕೆಡದಂತೆ ಕಾಯಲು ಬೆಸೆದ ಪದರಗಳನ್ನು ಮತ್ತೆ ಬೇರ್ಪಡಿಸುವ ಅಗ್ಗದ ವಿಧಾನ ಇಲ್ಲದ ಕಾರಣ, ಅಂಥ ಹಾಳೆಗೆ ಸಾಮಾನ್ಯವಾಗಿ ಉಳಿಯುವ ದಾರಿ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಕಲ್ಲಿದ್ದಲ ಜತೆ ಇಂಧನವಾಗಿ ಉರಿಯುವುದು.