ಹಾಜರಿ ಪುಸ್ತಕದಿಂದ ಸಂಬಳದ ಮಿತಿಯವರೆಗೆ

2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಒಂದು ಪ್ರಕಟಣೆ ಹೊರಡಿಸಿತು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುತ್ತದೆಯೋ ಇಲ್ಲವೋ ಗೊತ್ತಿಲ್ಲದ ಕಾರಣ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಲಾಗಿದೆ ಎಂಬುದು ಅದರ ಸಾರ. ಇದು ಎರಡು ಸಲ ಐ-ಲೀಗ್, ಒಂದು ಸಲ ಐಎಸ್‌ಎಲ್ ಗೆದ್ದ ಕ್ಲಬ್. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡ. ಬೆನ್ನಿಗೆ ಜೆಎಸ್‌ಡಬ್ಲ್ಯುನಂಥ ಉಕ್ಕಿನ ಕಂಪನಿಯಿದೆ. ಅಂಥ ಕ್ಲಬ್ಬೇ ಸಂಬಳ ನಿಲ್ಲಿಸಿತೆಂದರೆ ಈ ದೇಶದಲ್ಲಿ ಫುಟ್‌ಬಾಲ್ ಆಡಿ ಬದುಕುತ್ತೇನೆ ಎಂದು ಹೊರಟವನ ಕಾಲಡಿಯ ನೆಲ ಎಷ್ಟು ಗಟ್ಟಿ ಎಂದು ಕೇಳಲೇಬೇಕಾಗುತ್ತದೆ.

ಉತ್ತರ ಕನ್ನಡದ ಮುಂಡಗೋಡದ ಕಡೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಹಳಿಯಾಳದಲ್ಲಿ ಕುಸ್ತಿ, ಮುಂಡಗೋಡದ ಟಿಬೆಟನ್ ಕ್ಯಾಂಪುಗಳಲ್ಲಿ ಫುಟ್‌ಬಾಲ್, ಸಿದ್ದಿ ಸಮುದಾಯದ ಕೇರಿಗಳಲ್ಲಿ ಓಟ, ಹೀಗೆ ಈ ಸೀಮೆಗೆ ಆಟದ ಬರವಿಲ್ಲ. ಬರವಿರುವುದು ಆಟದಿಂದ ಬರುವ ಅನ್ನಕ್ಕೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಹುಡುಕಿ ಹಾಸ್ಟೆಲಿಗೆ ಸೇರಿಸಿ ಓಟಗಾರರನ್ನಾಗಿ ತಯಾರು ಮಾಡತೊಡಗಿತು. ಕಮಲಾ ಸಿದ್ದಿ, ಜೂಜೆ ಜಾಕಿ ಹರನೋಡ್ಕರ್ ಅವರಂಥವರು ಬೆಳೆದದ್ದು ಅಲ್ಲಿಯೇ. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. 1993ರ ಹೊತ್ತಿಗೆ ಯೋಜನೆ ನಿಂತುಹೋಯಿತು. ಮಕ್ಕಳ ಕಾಲಿನಲ್ಲಿ ಓಟವಿತ್ತು, ಮೇಲಿನವರು ಕೈಬಿಟ್ಟರು. ಆಟಗಾರನ ತಪ್ಪೇನೂ ಇಲ್ಲದೆ ಅವನ ಅನ್ನ ಮಾತ್ರ ನಿಲ್ಲುವ ಈ ರೀತಿಯನ್ನು ಇಲ್ಲಿಯ ಜನ ಐಎಸ್‌ಎಲ್ ಹುಟ್ಟುವ ಮೊದಲೇ ಕಂಡಿದ್ದಾರೆ.

ಭಾರತದಲ್ಲಿ ಫುಟ್‌ಬಾಲಿಗನ ಸಂಬಳದ ಚರಿತ್ರೆ ಬಹುಕಾಲ ಮುಚ್ಚುಮರೆಯ ಚರಿತ್ರೆಯಾಗಿತ್ತು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಾಗಲೂ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಫ್ರಾನ್ಸ್ ವಿರುದ್ಧ ಗೋಲು ಹೊಡೆದಾಗಲೂ ಆಟಗಾರರು ಕಾಗದದ ಮೇಲೆ ಹವ್ಯಾಸಿಗಳೇ. ಅದೇ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಅಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಕಲ್ಕತ್ತೆಯಲ್ಲಿ ಕೈಗೆ ನಾಲ್ಕು ಕಾಸು ಬರುತ್ತಿತ್ತು, ಆದರೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಸಂಬಳವೇ ಇಲ್ಲ ಎಂದ ಮೇಲೆ ಕಡಿತದ ವಿರುದ್ಧ ದೂರು ಕೊಡುವುದೂ ಸಾಧ್ಯವಿಲ್ಲ.

ಕರ್ನಾಟಕ ಇದಕ್ಕೆ ತನ್ನದೇ ದಾರಿ ಕಂಡುಕೊಂಡಿತು. ಆ ದಾರಿಯ ಬಗ್ಗೆ ನಮ್ಮಲ್ಲಿ ಬರೆದದ್ದು ತೀರಾ ಕಡಿಮೆ. ಸ್ವಾತಂತ್ರ್ಯದ ನಂತರ ಬೆಂಗಳೂರಿನಲ್ಲಿ ಬೆಳೆದ ಸಾರ್ವಜನಿಕ ಉದ್ದಿಮೆಗಳು, ಅಂದರೆ ಐಟಿಐ, ಎಚ್‌ಎಎಲ್, ಬಿಇಎಲ್‌ನಂಥವು, ಜೊತೆಗೆ ಎಲ್‌ಆರ್‌ಡಿಇಯಂಥ ಸರ್ಕಾರಿ ಸಂಸ್ಥೆಗಳು, ಫುಟ್‌ಬಾಲ್ ತಂಡ ಕಟ್ಟಿದವು. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಕೆಲಸ. ಬೆಳಿಗ್ಗೆ ಮೈದಾನ, ಆಮೇಲೆ ಹಾಜರಿ ಪುಸ್ತಕಕ್ಕೆ ಸಹಿ. ಸಂಬಳ ದೊಡ್ಡದಲ್ಲ, ಅವನ ದರ್ಜೆಯ ಬೇರೆ ನೌಕರನಿಗೆ ಎಷ್ಟೋ ಅವನಿಗೂ ಅಷ್ಟೇ. ಆದರೆ ಮೊಣಕಾಲು ಮುರಿದರೂ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ಆಟ ಮುಗಿದ ಮೇಲೂ ಕೆಲಸ ಇರುತ್ತಿತ್ತು, ನಿವೃತ್ತಿಯಾದಾಗ ಪಿಎಫ್, ಗ್ರ್ಯಾಚುಟಿ ಕೈಸೇರುತ್ತಿದ್ದವು. 1967-68 ಮತ್ತು 1968-69ರಲ್ಲಿ ಮೈಸೂರು ರಾಜ್ಯ ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದದ್ದೂ, 1977ರ ಮೊಟ್ಟಮೊದಲ ಫೆಡರೇಷನ್ ಕಪ್ ಫೈನಲ್‌ನಲ್ಲಿ ಐಟಿಐ ತಂಡ ಮೋಹನ್ ಬಾಗನ್ ಅನ್ನು ಸೋಲಿಸಿದ್ದೂ ಈ ಹಾಜರಿ ಪುಸ್ತಕದ ಕಾಲದಲ್ಲೇ.

ಈಗಿನ ಮಾತಿನಲ್ಲಿ ಹೇಳುವುದಾದರೆ ಅದೂ ಒಂದು ಸಂಬಳದ ಮಿತಿ. ಯಾವ ಆಟಗಾರನೂ ತನ್ನ ಪ್ರತಿಭೆಗೆ ತಕ್ಕ ಬೆಲೆ ಪಡೆಯಲಿಲ್ಲ. ಆದರೆ ಆ ಮಿತಿಗೆ ಪ್ರತಿಯಾಗಿ ಅವನಿಗೆ ಜೀವನದ ಭದ್ರತೆ ಸಿಕ್ಕಿತ್ತು. ಮುಂದೆ ಬಂದ ಯಾವ ಮಿತಿಯನ್ನೂ ಈ ಅಳತೆಗೋಲಿನಿಂದಲೇ ನೋಡಬೇಕು ಎಂಬುದು ನನ್ನ ನಂಬಿಕೆ: ಆಟಗಾರ ಏನು ಬಿಟ್ಟುಕೊಟ್ಟ, ಬದಲಿಗೆ ಏನು ಪಡೆದ?

ಇಂಗ್ಲೆಂಡಿನ ಫುಟ್‌ಬಾಲ್ ಇತಿಹಾಸದಲ್ಲಿ ಬದಲಿಗೆ ಏನೂ ಸಿಗಲಿಲ್ಲ. 1901ರಲ್ಲಿ ಅಲ್ಲಿ ಆಟಗಾರನ ವಾರದ ಸಂಬಳಕ್ಕೆ ನಾಲ್ಕು ಪೌಂಡ್‌ಗಳ ಗರಿಷ್ಠ ಮಿತಿ ಹಾಕಿದರು. ಮೈದಾನ ಕಿಕ್ಕಿರಿದು ಕ್ಲಬ್‌ಗಳಿಗೆ ಹಣ ಹರಿದುಬಂದರೂ ಮಿತಿ ಹೋಗಲಿಲ್ಲ. 1961ರಲ್ಲಿ ಅದು 20 ಪೌಂಡ್ ಇದ್ದಾಗ ಜಿಮ್ಮಿ ಹಿಲ್ ನೇತೃತ್ವದ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿ ಅದನ್ನು ಕಿತ್ತೊಗೆಸಿತು. ಫುಲ್ಹ್ಯಾಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯುವ ಆಟಗಾರನಾದದ್ದು ಆಗಲೇ. ಅರವತ್ತು ವರ್ಷದ ಈ ಹೋರಾಟದ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. 2020ರಲ್ಲಿ ಕೋವಿಡ್ ನಷ್ಟದ ಹೆಸರಿನಲ್ಲಿ ಮೂರನೇ, ನಾಲ್ಕನೇ ದರ್ಜೆಯ ಇಂಗ್ಲಿಷ್ ಕ್ಲಬ್‌ಗಳು 25 ಲಕ್ಷ ಮತ್ತು 15 ಲಕ್ಷ ಪೌಂಡ್‌ಗಳ ವಾರ್ಷಿಕ ಮಿತಿಯನ್ನು ಮತಕ್ಕೆ ಹಾಕಿ ಒಪ್ಪಿಕೊಂಡವು. ಆಟಗಾರರ ಸಂಘವನ್ನು ಸರಿಯಾಗಿ ಕೇಳಿರಲಿಲ್ಲ. ಸಂಘ ಪಂಚಾಯ್ತಿಗೆ ಹೋಯಿತು, 2021ರ ಫೆಬ್ರುವರಿಯಲ್ಲಿ ಮಿತಿ ಬಿದ್ದುಹೋಯಿತು.

ಚೀನಾದ್ದು ಬೇರೆ ಬಗೆಯ ಪಾಠ. ಅಲ್ಲಿ ಆಸ್ತಿ ವ್ಯಾಪಾರದ ಕಂಪನಿಗಳು ಲಂಗುಲಗಾಮಿಲ್ಲದೆ ಹಣ ಸುರಿದವು. 2020ರ ಡಿಸೆಂಬರ್‌ನಲ್ಲಿ ದೇಶೀ ಆಟಗಾರನಿಗೆ ವರ್ಷಕ್ಕೆ 50 ಲಕ್ಷ ಯುವಾನ್, ವಿದೇಶಿಗೆ 30 ಲಕ್ಷ ಯೂರೋ ಎಂಬ ಮಿತಿ ಬಂತು. ಆ ವೇಳೆಗೆ ಹೊತ್ತು ಮೀರಿತ್ತು. ಆಗಷ್ಟೇ ಲೀಗ್ ಗೆದ್ದಿದ್ದ ಜಿಯಾಂಗ್ಸು 2021ರ ಫೆಬ್ರುವರಿಯಲ್ಲಿ ಬಾಗಿಲು ಮುಚ್ಚಿತು. ಏಷ್ಯಾದ ಚಾಂಪಿಯನ್ ಆಗಿದ್ದ ಗುವಾಂಗ್‌ಝೌ 2025ರ ಜನವರಿಯಲ್ಲಿ ಇಲ್ಲವಾಯಿತು.

ನಮ್ಮಲ್ಲಿ ವೃತ್ತಿಪರತೆಯ ಮಾತು ಜೋರಾಗಿ ಕೇಳಿಬಂದದ್ದು 1996ರಲ್ಲಿ, ಮುಂದೆ ಐ-ಲೀಗ್ ಆದ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾದಾಗ. ಅಲ್ಲಿಂದಾಚೆಗಿನ ಕಥೆಯಲ್ಲಿ ಹುಟ್ಟಿದ ಕ್ಲಬ್‌ಗಳಷ್ಟೇ ಸತ್ತ ಕ್ಲಬ್‌ಗಳ ಲೆಕ್ಕವೂ ಇದೆ. 1997ರಲ್ಲಿ ಭಾರಿ ಸದ್ದಿನೊಂದಿಗೆ ಬಂದ ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಕರಗಿತು. ಮಹೀಂದ್ರ ಯುನೈಟೆಡ್ 2010ರಲ್ಲಿ, ಮೊದಲ ನ್ಯಾಷನಲ್ ಲೀಗ್ ಗೆದ್ದಿದ್ದ ಪಂಜಾಬಿನ ಜೆಸಿಟಿ 2011ರಲ್ಲಿ ತಂಡ ವಿಸರ್ಜಿಸಿದವು. 2016ರಲ್ಲಿ ಗೋವಾದ ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ ಐ-ಲೀಗ್‌ನಿಂದ ಹೊರನಡೆದವು. ನಮ್ಮ ಎಚ್‌ಎಎಲ್ ತಂಡ ನೌಕರರನ್ನೇ ಕಟ್ಟಿಕೊಂಡು ಐ-ಲೀಗ್‌ವರೆಗೆ ಹೋಗಿ 2011-12ರಲ್ಲಿ ಕೆಳಗಿಳಿಯಿತು. ಕಾರ್ಖಾನೆಯ ತಂಡಕ್ಕೆ ಆ ಲೀಗ್‌ನಲ್ಲಿ ಇನ್ನು ಜಾಗವಿರಲಿಲ್ಲ. ಮರುವರ್ಷವೇ, 2013ರಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ಋತುವಿನಲ್ಲೇ ಚಾಂಪಿಯನ್ ಆಯಿತು. ಸಮಯಕ್ಕೆ ಸರಿಯಾಗಿ ಸಂಬಳ, ಒಳ್ಳೆಯ ವೈದ್ಯರು, ಒಳ್ಳೆಯ ಅಭ್ಯಾಸ ಸೌಲಭ್ಯ. ಆಟಗಾರರು ಈ ಹೊಸ ಲೋಕವನ್ನು ನಂಬಿದ್ದರಲ್ಲಿ ತಪ್ಪೇನಿರಲಿಲ್ಲ.

ಆ ನಂಬಿಕೆಯ ತಳದಲ್ಲಿದ್ದದ್ದು ಒಂದು ಒಪ್ಪಂದ. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳ ಕಾಲ 700 ಕೋಟಿ ರೂಪಾಯಿಗೆ ಐಎಂಜಿ-ರಿಲಯನ್ಸ್‌ಗೆ ವಹಿಸಿತು. ಅದರ ಫಲವಾಗಿ 2014ರಲ್ಲಿ ಐಎಸ್‌ಎಲ್ ಬಂತು. 2015ರ ಹರಾಜಿನಲ್ಲಿ ಸುನಿಲ್ ಛೆಟ್ರಿ 1.2 ಕೋಟಿಗೆ ಮುಂಬೈ ಸಿಟಿ ಪಾಲಾದರು. 2017ರ ಡ್ರಾಫ್ಟ್‌ನಲ್ಲಿ ಅನಸ್ ಎಡತೋಡಿಕ 1.1 ಕೋಟಿಗೆ ಜಮ್‌ಶೆಡ್‌ಪುರ ಸೇರಿದರು. ಕಾರ್ಖಾನೆಯ ಸಂಬಳಕ್ಕೆ ಹೋಲಿಸಿದರೆ ಇವು ಕನಸಿನ ಅಂಕಿಗಳು. ಖರ್ಚು ಕೈಮೀರದಂತೆ ಲೀಗ್ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಹಾಕಿತು, ಕೋವಿಡ್ ಕಾಲದ ಋತುಗಳಲ್ಲಿ ಅದು 16.5 ಕೋಟಿ ಇತ್ತು.

ಆ ಮಿತಿಯ ದೋಷ ಅದರ ಮೊತ್ತದಲ್ಲಿರಲಿಲ್ಲ, ಅದನ್ನು ನಿಲ್ಲಿಸಿದ ತಳಹದಿಯಲ್ಲಿತ್ತು. ಸಂಬಳದ ಮಿತಿ ಎಂದರೆ ಆದಾಯದಲ್ಲಿ ಆಟಗಾರರ ಪಾಲೆಷ್ಟು ಎಂಬ ತೀರ್ಮಾನ. ಐಎಸ್‌ಎಲ್ ಕ್ಲಬ್‌ಗಳು ವರ್ಷ ವರ್ಷವೂ ನಷ್ಟದಲ್ಲಿದ್ದವು. ಸಂಬಳ ಬರುತ್ತಿದ್ದದ್ದು ಮಾಲೀಕರ ಜೇಬಿನಿಂದಲೇ ಹೊರತು ಟಿಕೆಟ್ಟಿನಿಂದಲೋ ಪ್ರಸಾರದ ಹಣದಿಂದಲೋ ಅಲ್ಲ. ಹೀಗಿರುವಾಗ 16.5 ಕೋಟಿ ಎಂಬ ಅಂಕಿ ಯಾವ ಆದಾಯದ ಎಷ್ಟು ಪಾಲು ಎಂದು ಕೇಳಿದರೆ ಉತ್ತರವಿರಲಿಲ್ಲ. ಯುರೋಪಿನ ಯುಇಎಫ್‌ಎ ಈಗ ತಂಡದ ಖರ್ಚನ್ನು ಆದಾಯದ ಶೇ 70ಕ್ಕೆ ಕಟ್ಟಿಹಾಕಿದೆ. ಸ್ಪೇನಿನ ಲಾ ಲೀಗಾ ಪ್ರತಿ ಕ್ಲಬ್‌ನ ಹಣಕಾಸು ನೋಡಿ ಮಿತಿ ನಿಗದಿ ಮಾಡುತ್ತದೆ. 2021ರಲ್ಲಿ ಲಯೊನೆಲ್ ಮೆಸ್ಸಿಯನ್ನೇ ಬಾರ್ಸಿಲೋನಾ ಉಳಿಸಿಕೊಳ್ಳಲಾಗದೆ ಹೋದದ್ದು ಆ ಲೆಕ್ಕದಿಂದ. ನಮ್ಮಲ್ಲಿ ಮಿತಿಯಿತ್ತು, ಲೆಕ್ಕವಿರಲಿಲ್ಲ. ಮಳೆ ಬಂದೇ ಬರುತ್ತದೆಂದು ಸಾಲ ತಂದು ಬಿತ್ತಿದ ಹೊಲದಂತೆ ಎಲ್ಲವೂ 2025ರಲ್ಲಿ ಆಗಬೇಕಿದ್ದ ಆ ಒಪ್ಪಂದದ ನವೀಕರಣದ ಮೇಲೆ ನಿಂತಿತ್ತು.

ಆ ನವೀಕರಣ ಆಗಲಿಲ್ಲ. ಫೆಡರೇಷನ್ನಿನ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು. ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಬೇಕಿತ್ತು. ಜುಲೈನಲ್ಲಿ ಲೀಗ್ ನಡೆಸುತ್ತಿದ್ದ ರಿಲಯನ್ಸ್ ಕಡೆಯ ಎಫ್‌ಎಸ್‌ಡಿಎಲ್ ಸಂಸ್ಥೆ ಋತುವನ್ನೇ ತಡೆಹಿಡಿಯಿತು. ಬೆಂಗಳೂರು ಎಫ್‌ಸಿಯ ಪ್ರಕಟಣೆಯ ಆಸುಪಾಸಿನಲ್ಲೇ ಚೆನ್ನೈಯಿನ್ ಎಫ್‌ಸಿ, ಒಡಿಶಾ ಎಫ್‌ಸಿ ಕೂಡ ಮೊದಲ ತಂಡದ ಕೆಲಸ ನಿಲ್ಲಿಸಿದವು. ಫೆಡರೇಷನ್ ವರ್ಷಕ್ಕೆ ಕನಿಷ್ಠ 37.5 ಕೋಟಿ ಖಾತರಿ ಕೇಳಿ ಟೆಂಡರ್ ಕರೆದರೆ ನವೆಂಬರ್ 7ರ ಗಡುವಿಗೆ ಒಂದೇ ಒಂದು ಬಿಡ್ ಬರಲಿಲ್ಲ. ಇಡೀ ದೇಶದ ಅಗ್ರ ಲೀಗ್ ಬೇಡಿದವರಿಲ್ಲದೆ ನಿಂತಿತು. 2026ರ ಜನವರಿಯಲ್ಲಿ ಛೆಟ್ರಿ, ಗುರುಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್ ಮುಂತಾದವರು ವಿಡಿಯೊ ಮಾಡಿ, ಭಾರತದ ಫುಟ್‌ಬಾಲ್ ಉಳಿಸಿ ಎಂದು ಫಿಫಾಗೆ ಮೊರೆಯಿಟ್ಟರು. ದೇಶದ ನಾಯಕನಾಗಿದ್ದವನು ಹೀಗೆ ಅಂಗಲಾಚಬೇಕಾಗಿ ಬಂದದ್ದನ್ನು ನೋಡಿ ನೋಯದವರಿಗೆ ಈ ಆಟ ಗೊತ್ತಿಲ್ಲ.

ಕೊನೆಗೆ ಕೇಂದ್ರ ಕ್ರೀಡಾ ಸಚಿವರು ನಡುವೆ ಬಂದು, ಫೆಬ್ರುವರಿ 14ರಿಂದ 14 ಕ್ಲಬ್‌ಗಳ ಲೀಗ್ ನಡೆಯುತ್ತದೆ ಎಂದು ಘೋಷಿಸಿದರು. ಪಂದ್ಯ 91. ಅಂದರೆ ತಂಡವೊಂದಕ್ಕೆ 13, ಹಿಂದಿನ ಋತುವಿನ 24ರ ಅರ್ಧಕ್ಕಿಂತ ತುಸು ಹೆಚ್ಚು. ಸಂಬಳ ಕಡಿತದ ಪ್ರಸ್ತಾಪ ಎದ್ದದ್ದು ಈ ಅಂಕಿಯಿಂದ. ಪಂದ್ಯ ಅರ್ಧವಾದರೆ ಸಂಬಳವೂ ಇಳಿಯಬೇಕು, ಇಲ್ಲದಿದ್ದರೆ ಕ್ಲಬ್ ಉಳಿಯುವುದಿಲ್ಲ ಎಂಬುದು ಮಾಲೀಕರ ವಾದ. ಪೂರ್ತಿ ವರ್ಷಕ್ಕೆ ಸಹಿ ಹಾಕಿದ್ದೇವೆ, ಬೇರೆಡೆ ಹೋಗದೆ ಕಾದಿದ್ದೇವೆ, ಪಂದ್ಯ ನಡೆಯದ್ದಕ್ಕೆ ನಾವು ಹೊಣೆಯಲ್ಲ ಎಂಬುದು ಆಟಗಾರರ ವಾದ. ಕೆಲವರು ಒಪ್ಪಿದರು, ಕೆಲವರು ತಂಡ ಬಿಟ್ಟರು. ಹಲವು ವಿದೇಶಿಯರು ಆ ಮೊದಲೇ ಹೊರಟಿದ್ದರು.

ಕಡಿತವೇ ತಪ್ಪು ಎಂದು ನಾನು ಹೇಳುವುದಿಲ್ಲ. ಕ್ಲಬ್ ಮುಚ್ಚಿದರೆ ನೂರಕ್ಕೆ ನೂರೂ ಹೋಗುತ್ತದೆ. ಆದರೆ ಕೋಟಿ ಪಡೆಯುವವನಿಗೂ ವರ್ಷಕ್ಕೆ ಕೆಲವು ಲಕ್ಷ ಪಡೆಯುವ ಹತ್ತೊಂಬತ್ತರ ಹುಡುಗನಿಗೂ ಒಂದೇ ಶೇಕಡಾವಾರು ಕಡಿತ ನ್ಯಾಯವಲ್ಲ. ತಾರೆಗೆ ಉಳಿತಾಯವಿದೆ. ಹುಡುಗನ ಸಂಬಳ ತಿಂಗಳು ತಿಂಗಳು ಊರಿಗೆ ಹೋಗುತ್ತದೆ. ಎರಡು ತಿಂಗಳು ಸಂಬಳ ಬಾರದಿದ್ದರೆ ನೋಟಿಸು ಕೊಟ್ಟು 15 ದಿನ ಕಾದು ಒಪ್ಪಂದ ಮುರಿಯಬಹುದೆಂದು ಫಿಫಾ ನಿಯಮ 2018ರಿಂದ ಹೇಳುತ್ತದೆ. ಮುರಿದು ಹೋಗುವುದೆಲ್ಲಿಗೆ? ಇದ್ದ ಒಂದೇ ಅಗ್ರ ಲೀಗ್ ನಿಂತಿದ್ದಾಗ ಆ ಹಕ್ಕಿಗೆ ಬೆಲೆಯಿರಲಿಲ್ಲ. ಮೊದಲಾದರೆ ಐಟಿಐ ಇತ್ತು, ಎಚ್‌ಎಎಲ್ ಇತ್ತು.

ಆ ಹಳೆಯ ದಾರಿ ಪೂರ್ತಿ ಮುಚ್ಚಿಹೋದರೆ ನಷ್ಟ ನಮಗೇ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಐಎಸ್‌ಎಲ್‌ನ ತಾರೆಗಳಿಲ್ಲದೆ ಗೆದ್ದ ಟ್ರೋಫಿ ಅದು. ಇಂಥ ಆಟಗಾರರಿಗೆ ಸರ್ಕಾರಿ ಇಲಾಖೆಗಳ, ಬ್ಯಾಂಕುಗಳ, ಕಾರ್ಖಾನೆಗಳ ನೌಕರಿ ಈಗಲೂ ದೊಡ್ಡ ಆಸರೆ. ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಸಿದ್ದಿ ಮಕ್ಕಳಿಗೆ ಮತ್ತೆ ಓಟ ಕಲಿಸುತ್ತಿದೆ. ಅಲ್ಲಿಯ ಮಕ್ಕಳ ಮುಂದಿರುವ ಪ್ರಶ್ನೆಯೂ ಇದೇ: ಇಪ್ಪತ್ತೆಂಟರ ನಂತರ ಏನು?

ಮಹಿಳಾ ಫುಟ್‌ಬಾಲ್‌ನಲ್ಲಿ ಒಂದು ಒಳ್ಳೆಯ ಹೆಜ್ಜೆ ಬಿದ್ದಿದೆ. 2023ರಲ್ಲಿ ಫೆಡರೇಷನ್, ಇಂಡಿಯನ್ ವಿಮೆನ್ಸ್ ಲೀಗ್‌ನ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ಕೊಡಬೇಕೆಂದು ತೀರ್ಮಾನಿಸಿತು. ಮೊತ್ತ ಸಣ್ಣದು, ದಿಕ್ಕು ಸರಿಯಾದದ್ದು. ಪುರುಷರ ಲೀಗ್‌ನಲ್ಲಿ ನಾವು ಇಷ್ಟು ವರ್ಷ ಮೇಲಿನ ಗೆರೆಯ ಬಗ್ಗೆಯೇ ಮಾತಾಡಿದೆವು, ಕೆಳಗಿನ ಗೆರೆಯನ್ನು ಎಳೆಯಲೇ ಇಲ್ಲ.

ಜರ್ಮನಿಯಲ್ಲಿ ಬುಂಡೆಸ್‌ಲೀಗಾದ ಕ್ಲಬ್ ಋತು ಶುರುವಾಗುವ ಮೊದಲೇ ಆ ವರ್ಷ ಪೂರ್ತಿ ಬಾಕಿ ತೀರಿಸುವಷ್ಟು ಹಣ ತನ್ನಲ್ಲಿದೆಯೆಂದು ತೋರಿಸಬೇಕು, ಇಲ್ಲವಾದರೆ ಪರವಾನಗಿ ಸಿಗುವುದಿಲ್ಲ. ಐಎಸ್‌ಎಲ್‌ಗೆ ಹೊಸ ವಾಣಿಜ್ಯ ಒಪ್ಪಂದ ಬರೆಯುವವರು ಈ ಮೂರು ಷರತ್ತುಗಳನ್ನಾದರೂ ಸೇರಿಸಲಿ: ಪ್ರತಿ ಕ್ಲಬ್ ಆಟಗಾರರ ಕೆಲವು ತಿಂಗಳ ಸಂಬಳವನ್ನು ಮೊದಲೇ ಠೇವಣಿ ಇಡಬೇಕು, ಮಿತಿ ಗೊತ್ತುಮಾಡುವ ಮೇಜಿನಲ್ಲಿ ಆಟಗಾರರ ಸಂಘಕ್ಕೆ ಒಂದು ಕುರ್ಚಿ ಇರಬೇಕು, ಮತ್ತು ಕಡಿತ ಅನಿವಾರ್ಯವಾದರೆ ಅದು ಮೇಲಿನ ಸಂಬಳದಿಂದ ಶುರುವಾಗಬೇಕು.