ಇಂಗಾಲ ತೆರಿಗೆ ಮತ್ತು ಜನರ ಸಂಶಯ

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳ ಹೊಗೆಯಿಂದ ಭೂಮಿಯ ತಾಪವು ಏರುತ್ತಿದೆಯೆಂಬುದು ವಿಜ್ಞಾನವು ದೃಢಪಡಿಸಿರುವ ಸಂಗತಿ. ಅದನ್ನು ತಗ್ಗಿಸಲೆಂದು ಫ್ರಾನ್ಸ್ ದೇಶವು 2014ರಲ್ಲಿ ಇಂಧನಗಳ ಮೇಲೆ ಇಂಗಾಲ ತೆರಿಗೆಯನ್ನು ವಿಧಿಸಿತು. ಇಂಗಾಲದ ಡೈಆಕ್ಸೈಡಿನ ಟನ್ನಿಗೆ 7 ಯೂರೋ ಇದ್ದ ದರವು 2018ರಲ್ಲಿ 44.60 ಯೂರೋ ಮುಟ್ಟಿತು. ಅದೇ ವರ್ಷ ಸಿರಿವಂತರ ಸಂಪತ್ತಿನ ಮೇಲಿನ ತೆರಿಗೆಯು ಸ್ಥಿರಾಸ್ತಿಗಷ್ಟೇ ಸೀಮಿತವಾಯಿತು. ಬಸ್ಸು, ರೈಲುಗಳು ವಿರಳವಾದ ಹಳ್ಳಿಗಳಿಂದ ಕಾರಿನಲ್ಲಿಯೇ ದುಡಿಮೆಗೆ ಹೋಗಬೇಕಾದವರಿಗೆ ಇದು ಅನ್ಯಾಯವೆನಿಸಿತು. ತೆರಿಗೆಯ ಬಹುಪಾಲು ಪರಿಸರ ಕಾರ್ಯಗಳಿಗೆ ವಿನಿಯೋಗವಾಗದಿದ್ದುದರಿಂದ ಅದರ ಉದ್ದೇಶವನ್ನೇ ಹಲವರು ಶಂಕಿಸಿದರು. ನವೆಂಬರ್ 17ರಂದು ಲಕ್ಷಾಂತರ ಜನರು ಹಳದಿ ಜಾಕೀಟು ತೊಟ್ಟು ರಸ್ತೆಗಿಳಿದರು. ಡಿಸೆಂಬರಿನಲ್ಲಿ ಸರ್ಕಾರವು 2019ರ ಏರಿಕೆಯನ್ನು ಕೈಬಿಟ್ಟಿತು.

ಭೂಮಿಯ ಹಿತಕ್ಕಾಗಿ ಬೇಡುವ ತ್ಯಾಗದಲ್ಲಿ ಉಳ್ಳವರ ಪಾಲು ಮೊದಲು ಕಾಣಬೇಕು. ಆಗಲೇ ಇಲ್ಲದವರು ಅದನ್ನು ನಂಬುವರು.